ಕಾಡಿನೊಳಗಿನ ಸಿಡಿಮದ್ದಿನ ಕಾರ್ಖಾನೆ: ಯುದ್ಧ ಮುಗಿದರೂ ಮಣ್ಣು ಬಿಡದ ವಿಷ

ಯುದ್ಧಕಾಲದ ಹಾಳುಬಿದ್ದ ಸ್ಫೋಟಕ ಕಾರ್ಖಾನೆಗಳ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಪೋಲೆಂಡಿನದಾಗಲಿ, ಜರ್ಮನಿಯದಾಗಲಿ, ಅಮೆರಿಕದ್ದಾಗಲಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ದಟ್ಟ ಕಾಡು, ಪಾಚಿ ಹಿಡಿದ ಕಾಂಕ್ರೀಟು, ಚಾವಣಿ ಮೇಲೆ ಬೆಳೆದ ಮರ, ಕತ್ತಲೆ ತುಂಬಿದ ಸುರಂಗ. ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗುವವರ ದೊಡ್ಡ ಬಳಗವೇ ಇದೆ. ಗೋಡೆ ಕುಸಿದೀತು, ಗುಂಡಿಗೆ ಬಿದ್ದೇವು ಅಂತ ಅವರು ಹೆಲ್ಮೆಟ್ಟು, ಟಾರ್ಚು ಒಯ್ಯುತ್ತಾರೆ. ಅದು ಬೇಕೇ ಬೇಕು. ಆದರೆ ತಲೆ ಮೇಲಿನ ಕಾಂಕ್ರೀಟಿಗಿಂತ ಕಾಲ ಕೆಳಗಿನ ಮಣ್ಣಿಗೆ ಜಾಸ್ತಿ ಹೆದರಬೇಕು. ಅದು ಯಾಕೆ ಅಂತ ತಿಳಿಯಲು ಈ ಕಾರ್ಖಾನೆಗಳು ಹುಟ್ಟಿದ ಬಗೆಯಿಂದಲೇ ಶುರು ಮಾಡಬೇಕು.

1864ರಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೋರ್ಗ್‌ನಲ್ಲಿ ಆಲ್ಫ್ರೆಡ್ ನೊಬೆಲ್‌ನ ನೈಟ್ರೋಗ್ಲಿಸರಿನ್ (ಅಲುಗಾಡಿದರೂ ಸಿಡಿಯಬಲ್ಲ ಎಣ್ಣೆಯಂಥ ಸ್ಫೋಟಕ) ಶೆಡ್ಡು ಸಿಡಿಯಿತು. ಸತ್ತವರಲ್ಲಿ ಅವನ ತಮ್ಮ ಎಮಿಲ್ ಕೂಡ ಇದ್ದ. ಊರೊಳಗೆ ಈ ಕೆಲಸ ಬೇಡ ಎಂದು ಅಧಿಕಾರಿಗಳು ತಡೆದರು. ಆಗ ನೊಬೆಲ್ ಸರೋವರದಲ್ಲಿ ನಿಲ್ಲಿಸಿದ ದೋಣಿಯ ಮೇಲೆ ಕೆಲಸ ಮುಂದುವರಿಸಿದ. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ಆರ್ಡೀರ್ ಎಂಬ ಕಡಲತೀರದ ಮರಳುದಿಬ್ಬಗಳ ನಡುವೆ ಅವನ ದೊಡ್ಡ ಕಾರ್ಖಾನೆ ಎದ್ದಿತು. ಮುಂದಿನ ಕಾರ್ಖಾನೆಗಳು ಕಲಿತ ಪಾಠ ಬಹುಮಟ್ಟಿಗೆ ಇಂಥ ಕಡೆಗಳದ್ದು. ಸಣ್ಣ ಸಣ್ಣ ಶೆಡ್ಡುಗಳು, ನಡುವೆ ಅಂತರ, ಪ್ರತಿ ಶೆಡ್ಡಿನ ಸುತ್ತ ಮಣ್ಣಿನ ಏರಿ. ನೈಟ್ರೋಗ್ಲಿಸರಿನ್ ಅನ್ನು ಪಂಪಿನಿಂದ ಎತ್ತುವ ಹಾಗಿಲ್ಲ. ಹಾಗಾಗಿ ಅದನ್ನು ಎತ್ತರದ ಮೇಲೆ ತಯಾರಿಸಿ, ಸೀಸದ ಕಾಲುವೆಯಲ್ಲಿ ತಾನಾಗಿಯೇ ಇಳಿಯಲು ಬಿಡುತ್ತಿದ್ದರು. ಪಾತ್ರೆಯ ಶಾಖ ನೋಡುತ್ತಾ ಕೂರುವವನಿಗೆ ಒಂಟಿಕಾಲಿನ ಸ್ಟೂಲು ಕೊಟ್ಟಿದ್ದರು. ತೂಕಡಿಸಿದರೆ ಬೀಳುತ್ತಾನೆ, ಎಚ್ಚರವಾಗುತ್ತಾನೆ!

1875ರಲ್ಲಿ ಬ್ರಿಟನ್ ಇದಕ್ಕೆ ಕಾನೂನೇ ಮಾಡಿತು. ಒಂದು ಕಟ್ಟಡದಲ್ಲಿ ಎಷ್ಟು ಮದ್ದು, ಎಷ್ಟು ಜನ ಇರಬಹುದು, ಪಕ್ಕದ ಕಟ್ಟಡ ಎಷ್ಟು ದೂರ ಇರಬೇಕು ಎಂಬುದಕ್ಕೆಲ್ಲ ಮಿತಿ ಬಂತು. ಇವತ್ತು ಕಾಡಿನಲ್ಲಿ ಕಾಣುವ ಕಟ್ಟಡಗಳ ವಿಚಿತ್ರ ಆಕಾರಕ್ಕೆ ಈ ಲೆಕ್ಕಾಚಾರವೇ ಕಾರಣ. ಮೂರು ಕಡೆ ದಪ್ಪ ಗೋಡೆ, ಒಂದು ಕಡೆ ಬರೀ ತೆಳು ಹಲಗೆ; ಇಲ್ಲವೇ ಗಟ್ಟಿ ಗೋಡೆಗಳ ಮೇಲೆ ಹಗುರ ಚಾವಣಿ. ಸಿಡಿದರೆ ಸಿಡಿತ ಆ ದುರ್ಬಲ ದಿಕ್ಕಿನಲ್ಲೇ ಹೋಗಲಿ ಅಂತ ಹಾಗೆ ಕಟ್ಟುತ್ತಿದ್ದರು. ಅಡ್ಡಡ್ಡ ಹಾರುವ ಚೂರುಗಳನ್ನು ಏರಿ ತಡೆಯುತ್ತದೆ. ಪಕ್ಕದ ಶೆಡ್ಡು ಉಳಿಯುತ್ತದೆ. ಒಳಗಿದ್ದವರನ್ನು ಉಳಿಸುವುದು ಈ ವಿನ್ಯಾಸದ ಲೆಕ್ಕದಲ್ಲೇ ಇರಲಿಲ್ಲ ಎನ್ನಬೇಕು. ಅವರಿಗೆ ಇದ್ದದ್ದು ಕಟ್ಟುನಿಟ್ಟಿನ ನಿಯಮ: ಮೊಳೆಯಿಲ್ಲದ ಚಪ್ಪಲಿ, ಹೇರ್‌ಪಿನ್ ಇಲ್ಲ, ಬೆಂಕಿಪೊಟ್ಟಣ ಇಲ್ಲ, ಕಬ್ಬಿಣದ ಬದಲು ತಾಮ್ರ ಮತ್ತು ಮರದ ಉಪಕರಣ. ದೀಪ ಕೂಡ ಕಿಟಕಿಯ ಆಚೆಯಿಂದಲೇ ಬೆಳಕು ಕೊಡಬೇಕು.

ಈ ಪಾಠವನ್ನು ಬದಿಗಿಟ್ಟರೆ ಏನಾಗುತ್ತದೆ ಅನ್ನುವುದು ಮೊದಲ ಮಹಾಯುದ್ಧದಲ್ಲಿ ಗೊತ್ತಾಯಿತು. 1915ರಲ್ಲಿ ಬ್ರಿಟನ್ನಿಗೆ ಫಿರಂಗಿ ಶೆಲ್ಲುಗಳ ಬರ ಬಂತು. ಸರ್ಕಾರ ಅವಸರಕ್ಕೆ ಬಿತ್ತು. ಪೂರ್ವ ಲಂಡನ್ನಿನ ಸಿಲ್ವರ್‌ಟೌನ್‌ನಲ್ಲಿ, ಮನೆಗಳ ಮಧ್ಯೆ ಇದ್ದ ರಾಸಾಯನಿಕ ಕಾರ್ಖಾನೆಯಲ್ಲಿ ಟಿಎನ್‌ಟಿ ಎಂಬ ಸ್ಫೋಟಕದ ಶುದ್ಧೀಕರಣ ಶುರುವಾಯಿತು. ಇದು ಅಪಾಯ ಎಂದು ಕಂಪನಿಯೇ ಹೇಳಿತ್ತು. 1917ರ ಜನವರಿ 19ರಂದು ಸುಮಾರು 50 ಟನ್ ಟಿಎನ್‌ಟಿ ಸಿಡಿದು 73 ಜನ ಸತ್ತರು. ಅದಕ್ಕೂ ಮೊದಲು, 1916ರ ಏಪ್ರಿಲ್ 2ರಂದು, ಕೆಂಟ್‌ನ ಫ್ಯಾವರ್‌ಶಾಮ್ ಬಳಿ ಖಾಲಿ ಚೀಲಗಳಿಗೆ ಹತ್ತಿದ ಬೆಂಕಿ ಟಿಎನ್‌ಟಿ ದಾಸ್ತಾನು ತಲುಪಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು.

ಅದೇ ಹೊತ್ತಿಗೆ ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಗ್ರೆಟ್ನಾದಲ್ಲಿ ಸುಮಾರು 9 ಮೈಲಿ ಉದ್ದದ ಕಾರ್ಡೈಟ್ (ಗುಂಡು, ಶೆಲ್ಲು ಹಾರಿಸುವ ಮದ್ದು) ಕಾರ್ಖಾನೆ ಎದ್ದಿತು. ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು. ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ (ಆಮ್ಲದಲ್ಲಿ ನೆನೆಸಿ ಮಾಡಿದ ಸ್ಫೋಟಕ ಹತ್ತಿ) ಸೇರಿದ ಹಿಟ್ಟನ್ನು ಅವರು ಕೈಯಿಂದಲೇ ಕಲಸುತ್ತಿದ್ದರು. ಬೇರೆ ಕಡೆ ಟಿಎನ್‌ಟಿ ತುಂಬುವ ಹೆಣ್ಣುಮಕ್ಕಳ ಚರ್ಮ, ಕೂದಲು ಹಳದಿಗೆ ತಿರುಗಿದವು. ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅಂದರೆ ಸಿಡಿಯದೇ ಇದ್ದಾಗಲೂ ಟಿಎನ್‌ಟಿ ವಿಷ ಅನ್ನುವುದು ಆಗಲೇ ಗೊತ್ತಿತ್ತು. ಮೈಗೆ ಹತ್ತಿದ್ದು ಕಣ್ಣಿಗೆ ಕಾಣುತ್ತಿತ್ತು, ಮಣ್ಣಿಗೆ ಇಳಿದದ್ದು ಕಾಣುತ್ತಿರಲಿಲ್ಲ, ಅಷ್ಟೇ.

ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೊಂದು ಭಯ ಸೇರಿತು: ವಿಮಾನ. ಜರ್ಮನ್ನರು ಕಾರ್ಖಾನೆಗಳನ್ನು ಕಾಡಿನೊಳಗೆ ಒಯ್ದರು. ಚಪ್ಪಟೆ ಚಾವಣಿಯ ಮೇಲೆ ಮಣ್ಣು ಹಾಕಿ ಗಿಡ ಮರ ನೆಟ್ಟರು. ಈಗಿನ ಫೋಟೋಗಳಲ್ಲಿ ‘ಪ್ರಕೃತಿ ಮರಳಿ ಪಡೆದುಕೊಂಡಿದೆ’ ಎಂದು ಮೆಚ್ಚಿಕೊಳ್ಳುವ ಆ ಚಾವಣಿ ಕಾಡು ಎಷ್ಟೋ ಕಡೆ ಬೇಕಂತಲೇ ಬೆಳೆಸಿದ್ದು! ಹೆಸ್ಸೆ ಪ್ರಾಂತ್ಯದ ಆಲೆನ್‌ಡೋರ್ಫ್ ಎಂಬ ಹಳ್ಳಿಯ ಪಕ್ಕ ಇಂಥ ಎರಡು ದೊಡ್ಡ ಕಾರ್ಖಾನೆಗಳಿದ್ದವು. ವಶಪಡಿಸಿಕೊಂಡ ಪೋಲೆಂಡಿನ ಬಿಡ್ಗೋಶ್ಚ್ ಹತ್ತಿರ ಸಾವಿರಕ್ಕೂ ಹೆಚ್ಚು ಕಟ್ಟಡಗಳ ಇನ್ನೊಂದು ಕಾರ್ಖಾನೆ. ದುಡಿದವರಲ್ಲಿ ಬಹಳ ಜನ ಬಲವಂತಕ್ಕೆ ಬಂದವರು. 1944ರಲ್ಲಿ ಔಶ್ವಿಟ್ಜ್ ಎಂಬ ನಾಜಿ ಯಾತನಾ ಶಿಬಿರದಿಂದ ಸಾವಿರ ಹಂಗೇರಿಯನ್ ಯಹೂದಿ ಹೆಂಗಸರನ್ನು ಆಲೆನ್‌ಡೋರ್ಫ್‌ಗೆ ತಂದು ಟಿಎನ್‌ಟಿ ಕೆಲಸಕ್ಕೆ ಹಚ್ಚಿದರು. ಸುರಂಗದ ಫೋಟೋ ಕೆಳಗೆ ಇವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನನಗಂತೂ ಇದು ಕಿರಿಕಿರಿ.

ಈಗ ಮಣ್ಣಿನ ವಿಷಯ. ಟಾಲುಯೀನ್ ಎಂಬ ದ್ರವಕ್ಕೆ ನೈಟ್ರಿಕ್ ಮತ್ತು ಗಂಧಕದ ಆಮ್ಲ ಸೇರಿಸಿ, ಮೂರು ಹಂತದಲ್ಲಿ ಟಿಎನ್‌ಟಿ ಮಾಡುತ್ತಾರೆ. ಬೇಡದ ಭಾಗವನ್ನು ತೊಳೆದು ತೆಗೆದಾಗ ಕೆಂಪು ನೀರು ಹೊರಬರುತ್ತದೆ. ನೆಲ, ಯಂತ್ರ ತೊಳೆದ ನೀರು ಮೊದಲು ತಿಳಿಯಾಗಿದ್ದು, ಬಿಸಿಲು ಬಿದ್ದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಯುದ್ಧದ ಅವಸರದಲ್ಲಿ ಇದೆಲ್ಲ ಹೊಂಡಕ್ಕೆ, ಹಳ್ಳಕ್ಕೆ ಹೋಯಿತು. ಟಿಎನ್‌ಟಿ ಮಣ್ಣಿನಲ್ಲಿ ಬೇಗ ಕರಗಿ ಹೋಗುವ ವಸ್ತುವಲ್ಲ. ನಿಧಾನಕ್ಕೆ ಅಂತರ್ಜಲಕ್ಕೆ ಇಳಿಯುತ್ತದೆ.

ಯುದ್ಧ ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ ಒಯ್ದರು, ಕೆಲವು ಕಟ್ಟಡಗಳನ್ನು ಸಿಡಿಸಿದರು. ಮದ್ದಿನ ಪುಡಿ ಉಳಿದಿರಬಹುದು ಅಂತ ಇನ್ನು ಕೆಲವನ್ನು ಬೇಕೆಂದೇ ಸುಟ್ಟರು. ಮಣ್ಣನ್ನು ಮಾತ್ರ ಯಾರೂ ಕೇಳಲಿಲ್ಲ. ಆಲೆನ್‌ಡೋರ್ಫ್‌ನ ಉಳಿದ ಕಟ್ಟಡಗಳಿಗೆ ನಿರಾಶ್ರಿತರು ಬಂದರು, ಹೊಸ ಕೈಗಾರಿಕೆಗಳು ಬಂದವು. 1950ರ ದಶಕದಲ್ಲಿ ಫೆರೆರೋ ಚಾಕಲೇಟ್ ಕಂಪನಿಯೂ ಬಂತು. ಹಳ್ಳಿ ಹೋಗಿ ಸ್ಟಾಡ್‌ಆಲೆನ್‌ಡೋರ್ಫ್ ಎಂಬ ಪಟ್ಟಣವಾಯಿತು. ಕುಡಿಯುವ ನೀರಿನ ಬಾವಿಗಳೂ ಅದೇ ಸುತ್ತಿನಲ್ಲಿದ್ದವು. ಕೊನೆಗೆ ಜನವಸತಿಯ ನಡುವೆಯೇ ವರ್ಷಗಟ್ಟಲೆ ಮಣ್ಣು ಅಗೆದು ತೆಗೆಯಬೇಕಾಯಿತು.

ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ಬಳಿಯದು ಇನ್ನೂ ವಿಚಿತ್ರ. 1942ರಿಂದ 1945ರವರೆಗೆ ಟಿಎನ್‌ಟಿ ಮಾಡಿದ ಆ ಜಾಗವನ್ನು ಆಮೇಲೆ ವನ್ಯಜೀವಿಗಳಿಗೆ ಬಿಟ್ಟರು. ಮಣ್ಣು ಮುಚ್ಚಿದ ಗುಮ್ಮಟದಂಥ ಬಂಕರುಗಳು ಇನ್ನೂ ಇವೆ. 1966ರಲ್ಲಿ ಅಲ್ಲಿ ರೆಕ್ಕೆಯ ಮನುಷ್ಯ ಕಂಡನೆಂಬ ಕತೆ ಹುಟ್ಟಿತು, ಅದಕ್ಕಾಗಿ ಈಗಲೂ ಜನ ಬರುತ್ತಾರೆ. 1981ರಲ್ಲಿ ಕೆರೆಯೊಂದರ ಬಳಿ ಕೆಂಪು ನೀರು ಜಿನುಗುವುದು ಕಂಡಿತು. 1983ರಲ್ಲಿ ಆ ಜಾಗ ಅತಿ ಕಲುಷಿತ ತಾಣಗಳ ರಾಷ್ಟ್ರೀಯ ಪಟ್ಟಿ ಸೇರಿತು. 2010ರಲ್ಲಿ ಸ್ಫೋಟಕ ಇಟ್ಟಿದ್ದ ಒಂದು ಬಂಕರೇ ಸಿಡಿಯಿತು. ರೆಕ್ಕೆಯ ಮನುಷ್ಯನಿಗಿಂತ ಇದು ದೊಡ್ಡ ಸುದ್ದಿ ಅಲ್ವಾ?

ಹಾಗಾಗಿ ಇಂಥ ಕಡೆ ಹೋಗುವುದಾದರೆ ಅನುಮತಿ ಇರುವ ದಾರಿ ಬಿಡಬೇಡಿ. ಹಳೇ ಸೀಸದ ಪೈಪು, ಚರಂಡಿ, ನೆಲದ ಸಂದಿಯಲ್ಲಿ ಹಳದಿ ಅಥವಾ ಕಂದು ಹರಳು, ಹತ್ತಿಯಂಥ ಗಂಟು ಕಂಡರೆ ಸುಮ್ನೆ ಕುತೂಹಲಕ್ಕೂ ಮುಟ್ಟಬೇಡಿ. ಒಣಗಿದ ಗನ್‌ಕಾಟನ್ ಎಷ್ಟು ವರ್ಷದ್ದಾದರೂ ಹತ್ತಿಕೊಳ್ಳಬಹುದು. ದೂರ ಸರಿದು ಪೊಲೀಸರಿಗೆ ತಿಳಿಸಿ.

ಧೈರ್ಯವಾಗಿ ನೋಡಬೇಕೆಂದರೆ ಬಿಡ್ಗೋಶ್ಚ್ ಇದೆ. ಅಲ್ಲಿನ ನೈಟ್ರೋಗ್ಲಿಸರಿನ್ ವಿಭಾಗ 2011ರಿಂದ ಎಕ್ಸ್‌ಪ್ಲೋಸಿಯಮ್ ಎಂಬ ಮ್ಯೂಸಿಯಂ ಆಗಿದೆ. ಸುರಂಗಗಳಲ್ಲಿ ನಡೆದಾಡಬಹುದು. ದುಡಿದವರ ಕತೆಯೂ ಅಲ್ಲಿದೆ. ಆದರೆ ಅದೇ ನೆಲದಲ್ಲಿ ಯುದ್ಧದ ನಂತರ ಝಾಖೆಮ್ ಎಂಬ ಪೋಲಿಷ್ ಸರ್ಕಾರಿ ರಾಸಾಯನಿಕ ಕಾರ್ಖಾನೆ ದಶಕಗಟ್ಟಲೆ ನಡೆಯಿತು. 2014ರಲ್ಲಿ ಅದು ದಿವಾಳಿಯಾಯಿತು. ಅದು ಬಿಟ್ಟುಹೋದ ಫೀನಾಲ್ ಎಂಬ ವಿಷಕಾರಿ ರಾಸಾಯನಿಕ ಅಂತರ್ಜಲದಲ್ಲಿದೆ. ನಾಜಿಗಳ ಕಾಲದ ಕಾರ್ಖಾನೆ ಈಗ ಇಲ್ಲ, ಅದರ ಮೇಲೆ ಬಂದ ಕಂಪನಿಯೂ ಇಲ್ಲ. ಶುದ್ಧ ಮಾಡುವ ಖರ್ಚು ಈಗ ಸರ್ಕಾರದ, ಅಂದರೆ ತೆರಿಗೆ ಕಟ್ಟುವವರ ತಲೆಯ ಮೇಲೆ ಬಂದಿದೆ.