ಸಂದು ಮುಚ್ಚುವ ಹಿತ್ತಾಳೆ

ಯಾವುದೇ ಮಾಮೂಲಿ ರಿವಾಲ್ವರನ್ನು ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ. ತೋಟಾ ತುಂಬುವ ಸಿಲಿಂಡರಿಗೂ ಗುಂಡು ಹಾಯುವ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಕಾಣುತ್ತದೆ. ಒಂದೆರಡು ಹಾಳೆ ಕಾಗದ ತೂರುವಷ್ಟು, ಅಷ್ಟೇ. ಸಿಲಿಂಡರ್ ತಿರುಗಬೇಕಲ್ವಾ, ಸಂದು ಬಿಡದೆ ವಿಧಿಯಿಲ್ಲ. ಆದರೆ ಗುಂಡು ಹಾರುವಾಗ ಬಿಸಿ ಗ್ಯಾಸ್ ಅಲ್ಲಿಂದಲೂ ಪಕ್ಕಕ್ಕೆ ಚಿಮ್ಮುತ್ತದೆ. ಅಲ್ಲಿ ಬೆರಳಿಟ್ಟವರಿಗೆ ಗಾಯ ಖಂಡಿತ.

ಈ ಸಂದನ್ನು ಮುಚ್ಚಿದ ರಿವಾಲ್ವರ್ ಒಂದಿದೆ, ನಗಾನ್. ಬೆಲ್ಜಿಯಂನ ಲಿಯೇಜ್ ಊರಿನ ಲಿಯೋನ್ ನಗಾನ್ ಮಾಡಿದ್ದು. 1895ರಲ್ಲಿ ರಷ್ಯಾದ ಸೈನ್ಯ ಇದನ್ನು ಒಪ್ಪಿಕೊಂಡಿತು. ಮುಂದೆ ತುಲಾ ನಗರದ ಕಾರ್ಖಾನೆಯಲ್ಲೇ ತಯಾರಾಯಿತು. ಇದಕ್ಕೆ ಏಳು ತೋಟಾ ಹಿಡಿಯುತ್ತದೆ. ಹ್ಯಾಮರನ್ನು, ಅಂದರೆ ಹಿಂಬದಿಯ ಪುಟ್ಟ ಸುತ್ತಿಗೆಯನ್ನು, ಹಿಂದಕ್ಕೆ ಎಳೆದರೆ ಸಿಲಿಂಡರ್ ತಿರುಗುವುದಷ್ಟೇ ಅಲ್ಲ, ಇಡೀ ಸಿಲಿಂಡರೇ ಮುಂದೆ ಸರಿದು ನಳಿಗೆಗೆ ಒತ್ತಿ ನಿಲ್ಲುತ್ತದೆ. ಹ್ಯಾಮರ್ ಎಳೆಯದೆ ಬರೀ ಟ್ರಿಗರ್ ಒತ್ತಿ ಹಾರಿಸಿದರೆ ಇಷ್ಟೂ ಕೆಲಸ ಒಂದೇ ಬೆರಳಿನಲ್ಲಿ ಆಗಬೇಕು, ಅದಕ್ಕೇ ಟ್ರಿಗರ್ ಸಿಕ್ಕಾಪಟ್ಟೆ ಬಿಗಿ.

ನನಗೆ ಇದರ ಯಂತ್ರಕ್ಕಿಂತ ತೋಟಾದ ಮೇಲೇ ಜಾಸ್ತಿ ಮೋಹ. ಸಾಮಾನ್ಯ ತೋಟಾದಲ್ಲಿ ಗುಂಡು ಹಿತ್ತಾಳೆ ಕೇಸಿನಿಂದ, ಅಂದರೆ ಮದ್ದು ತುಂಬಿದ ಕೊಳವೆಯಿಂದ, ಮೂತಿ ಹೊರಗೆ ಹಾಕಿಕೊಂಡಿರುತ್ತದೆ. ನಗಾನ್ ತೋಟಾದಲ್ಲಿ ಗುಂಡು ಪೂರ್ತಿ ಒಳಗೆ ಅಡಗಿ ಕೂತಿರುತ್ತದೆ. ಕೇಸಿನ ಬಾಯಿ ಗುಂಡನ್ನು ದಾಟಿ ಮುಂದಕ್ಕೆ ಚಾಚಿ, ತುಸು ಕಿರಿದಾಗಿರುತ್ತದೆ. ಸಿಲಿಂಡರ್ ಮುಂದೆ ಸರಿದಾಗ ಈ ತೆಳು ತುಟಿ ಸಂದನ್ನು ದಾಟಿ ನಳಿಗೆಯ ಹಿಂಬದಿಗೆ ಹೊಕ್ಕುತ್ತದೆ. ಗುಂಡು ಹಾರಿದಾಗ ಒತ್ತಡಕ್ಕೆ ತುಟಿ ಅರಳಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಸಂದು ಬಂದ್. ಕುಕ್ಕರಿನ ಗ್ಯಾಸ್ಕೆಟ್ ಕೆಲಸವೇ, ಆದರೆ ಇಲ್ಲಿ ಪ್ರತಿ ಗುಂಡಿಗೂ ಹೊಸ ಗ್ಯಾಸ್ಕೆಟ್. ಮಾಮೂಲಿ ರಿವಾಲ್ವರಿಗೆ ಸೈಲೆನ್ಸರ್ ಹಾಕಿದರೆ ಸದ್ದು ಸಂದಿನಿಂದಲೇ ಹೊರಬೀಳುತ್ತದೆ. ನಗಾನ್‌ನಲ್ಲಿ ಸಂದು ಬಂದ್ ಆಗುವುದರಿಂದ ಸೋವಿಯತ್ ಸೈನ್ಯ ಅದಕ್ಕೆ ಸೈಲೆನ್ಸರ್ ಹಾಕಿಯೂ ಬಳಸಿತು.

ಅಂದರೆ ಹಾರಿಸಿ ಖಾಲಿಯಾದ ಈ ತೋಟಾವನ್ನು ಕೈಯಲ್ಲಿ ಮತ್ತೆ ತುಂಬುವ ಹವ್ಯಾಸಿ ಬರೀ ಮದ್ದು ತುಂಬುತ್ತಿಲ್ಲ. ರಿವಾಲ್ವರಿನ ಒಂದು ಬಿಡಿಭಾಗವನ್ನೇ ತಯಾರಿಸುತ್ತಿದ್ದಾನೆ.

ಮೊದಲ ತಲೆನೋವು ಕೇಸಿನದು. ಹಳೆಯ ರಷ್ಯನ್ ಮಿಲಿಟರಿ ತೋಟಾಗಳಲ್ಲಿ ಬರ್ಡನ್ ಮಾದರಿಯ ಪ್ರೈಮರ್ ಇರುತ್ತದೆ. ಪ್ರೈಮರ್ ಅಂದರೆ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಹಳಬರ ಮಾತಲ್ಲಿ ಕೇಪು. ಬರ್ಡನ್ ಕೇಸಿನ ತಳದಲ್ಲಿ ಕಿಡಿ ಹಾಯಲು ಎರಡು ಸಣ್ಣ ತೂತು, ನಡುವೆ ಗಟ್ಟಿ ಲೋಹ. ಹಾಗಾಗಿ ಒಳಗಿನಿಂದ ಕಡ್ಡಿ ತೂರಿಸಿ ಸುಟ್ಟ ಕೇಪನ್ನು ತಳ್ಳಲು ಆಗುವುದಿಲ್ಲ. ಬಾಕ್ಸರ್ ಮಾದರಿಯಲ್ಲಿ ನಡುವೆ ಒಂದೇ ತೂತು, ತಳ್ಳಿದರೆ ಉದುರುತ್ತದೆ. ತಮಾಷೆ ನೋಡಿ: ಬರ್ಡನ್ ಅಮೆರಿಕದವನು, ಅವನ ಕೇಪು ಹರಡಿದ್ದು ಯುರೋಪಿನಲ್ಲಿ. ಬಾಕ್ಸರ್ ಇಂಗ್ಲೆಂಡಿನವನು, ಅವನದನ್ನು ಅಪ್ಪಿಕೊಂಡದ್ದು ಅಮೆರಿಕ.

ಸರಿಯಾದ ಕೇಸು ಸಿಗದವರು ಹಿಡಿಯುವ ಅಡ್ಡದಾರಿ .32-20 ವಿಂಚೆಸ್ಟರ್ ಅನ್ನೋ ಬೇರೊಂದು ಅಮೆರಿಕನ್ ತೋಟಾದ ಕೇಸು. ಅದರ ತಳದ ಅಂಚು ಸ್ವಲ್ಪ ದೊಡ್ಡದು, ಲೇಥಿನಲ್ಲಿ ತಿಕ್ಕಿ ಇಳಿಸಬೇಕು. ಇಳಿಸಿದರೆ ಒಳಗೆ ಕೂರುತ್ತದೆ, ಗುಂಡೂ ಹಾರುತ್ತದೆ. ಆದರೆ ಅದರ ಉದ್ದ ಸುಮಾರು 33 ಮಿಲಿಮೀಟರ್, ನಗಾನ್ ಕೇಸಿನದು 38ಕ್ಕೂ ಜಾಸ್ತಿ. ಆ ಐದು ಮಿಲಿಮೀಟರಿನಲ್ಲೇ ತುಟಿ ಇದ್ದದ್ದು! ಸಿಲಿಂಡರ್ ಸುಮ್ನೆ ಮುಂದೆ ಹೋಗಿ ಬರುತ್ತದೆ, ಸೀಲ್ ಮಾಡಲು ಏನೂ ಇಲ್ಲ.

ಸರಿಯಾದ ಕೇಸು ಸಿಕ್ಕರೂ ಹಿತ್ತಾಳೆಯ ಗುಣ ಅರಿತಿರಬೇಕು. ತೋಟಾದ ಹಿತ್ತಾಳೆ ಅಂದರೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಒತ್ತಡ ಬಿದ್ದಾಗ ಹಿಗ್ಗಿ ಗೋಡೆಗೆ ಅಂಟುತ್ತದೆ, ಒತ್ತಡ ಇಳಿದಾಗ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹಾಗೆ ಸರಿಯದಿದ್ದರೆ ಖಾಲಿ ಕೇಸು ಒಳಗೇ ಕಚ್ಚಿಕೊಳ್ಳುತ್ತಿತ್ತು. ನಗಾನ್ ತುಟಿ ಪ್ರತಿ ಸಲ ಅರಳುತ್ತದೆ, ಮತ್ತೆ ಅಚ್ಚಿನಲ್ಲಿ ಒತ್ತಿ ಕಿರಿದು ಮಾಡಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದಂತೆ ಹಿತ್ತಾಳೆಯೂ ಗಡುಸಾಗಿ ಕೊನೆಗೆ ಸೀಳುತ್ತದೆ. ಅದಕ್ಕೇ ಬಾಯಿಯನ್ನು ಆಗಾಗ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಬಾಯಿ ಮಾತ್ರ. ತಳ ಮೆತ್ತಗಾದರೆ ಒತ್ತಡ ತಡೆಯದೆ ಕೈಯಲ್ಲೇ ಅನಾಹುತ.

ಇನ್ನು ಮದ್ದು. ಅದನ್ನು ತೂಗುವ ಲೆಕ್ಕ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಈ ಹವ್ಯಾಸಿಗಳ ತಕ್ಕಡಿ ಒಂದು ಗ್ರೇನಿನ ಹತ್ತನೇ ಒಂದು ಭಾಗಕ್ಕೂ ಅಲುಗುತ್ತದೆ. ಇಷ್ಟು ನಾಜೂಕು ಯಾಕೆ? ಹೊಗೆಯಿಲ್ಲದ ಮದ್ದು ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಸಾಲದ್ದಕ್ಕೆ ನಗಾನ್‌ನಲ್ಲಿ ಗುಂಡು ಆಳದಲ್ಲಿ ಕೂತಿದೆ. ಗುಂಡನ್ನು ಇನ್ನೊಂದು ಚೂರು ಒಳಗೆ ತಳ್ಳಿದರೂ ಮದ್ದಿಗಿರುವ ಜಾಗ ಕುಗ್ಗಿ ಒತ್ತಡ ಜಿಗಿಯುತ್ತದೆ. ಕಡಿಮೆ ಹಾಕಿದರೆ ಸೇಫ್ ಅಂದುಕೊಳ್ಳಬೇಡಿ. ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯಬಹುದು. ಅದಕ್ಕೇ ಲೈಸೆನ್ಸ್ ಇರುವ ಹವ್ಯಾಸಿಗಳು ಮದ್ದಿನ ಕಂಪನಿಗಳು ಪರೀಕ್ಷಿಸಿ ಅಚ್ಚು ಹಾಕಿಸಿದ ಕೋಷ್ಟಕ ಬಿಟ್ಟು ಆಚೀಚೆ ಹೋಗುವುದಿಲ್ಲ.

ಹಾರಿಸಿ ಆದ ಮೇಲೆ ಅವರು ಗುರಿಯ ಹಾಳೆ ನೋಡುವ ಮೊದಲು ಖಾಲಿ ಕೇಸನ್ನು ನೋಡುತ್ತಾರೆ. ಒಂದೊಂದನ್ನೇ ಕಡ್ಡಿಯಿಂದ ತಳ್ಳಿ ತೆಗೆದು, ಬಾಯಿಯ ಹೊರಮೈ ತಿರುಗಿಸಿ ನೋಡುವುದು. ತುಟಿ ನೆಟ್ಟಗೆ ಅರಳಿ, ಕೆಳಗಿನ ಹಿತ್ತಾಳೆ ಹೊಳೆಯುತ್ತಿದ್ದರೆ ಸೀಲ್ ಹಿಡಿದಿದೆ. ಹೊರಮೈಗೆಲ್ಲ ಮಸಿ ಹತ್ತಿದ್ದರೆ ಗ್ಯಾಸ್ ಹಿಂದಕ್ಕೆ ಸೋರಿದೆ.