ಕೆಲಸ ಸಿಕ್ಕಿತು ಅಂತ ಪಿಪ್ ಬಿಟ್ಟುಬಿಡಬೇಡಿ

2025ರ ಜೂನ್‌ನಲ್ಲಿ ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಬಂದು ಕೂತರು. ಸಂಧಿವಾತದಿಂದ ಮಂಡಿ, ಸೊಂಟ, ಬೆರಳು ಎಲ್ಲ ಹಿಡಿದುಕೊಂಡಿವೆ. ಗಂಡ ತೀರಿಹೋಗಿದ್ದಾರೆ, ಮಗಳು ದೊಡ್ಡವಳಾಗಿ ಬೇರೆ ಊರಿನಲ್ಲಿದ್ದಾಳೆ. ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ವಾರಕ್ಕೆ 20 ಗಂಟೆಯ ಕೆಲಸ ಸಿಕ್ಕಿತ್ತು. ಕೂತು ಮಾಡುವ ಕೆಲಸ. ನನಗೂ ಖುಷಿಯಾಯಿತು. ಅಷ್ಟರಲ್ಲಿ ಅವರು ಹೇಳಿದರು, "ಅಕ್ಕಾ, ಕೆಲಸ ಸಿಕ್ಕಿದ ಮಾರನೇ ದಿನವೇ ಫೋನ್ ಮಾಡಿ ಪಿಪ್ ನಿಲ್ಲಿಸಿಬಿಟ್ಟೆ. ಸಂಬಳ ಬರುವಾಗ ಅದನ್ನೂ ತಗೊಂಡರೆ ತಪ್ಪಾಗುತ್ತೆ ಅಲ್ವಾ?"

ನಾನು ಪೆನ್ನು ಕೆಳಗಿಟ್ಟೆ. ಇಲ್ಲಿ ಬ್ರಿಟನ್ನಿನಲ್ಲಿ ಅಂಗವೈಕಲ್ಯ ಇದ್ದವರಿಗೆ ಸರ್ಕಾರ ಕೊಡುವ ಹಣ ಈ ಪಿಪ್. ಅವರಿಗೆ ಬರುತ್ತಿದ್ದದ್ದು ವಾರಕ್ಕೆ 103 ಪೌಂಡ್ 10 ಪೆನ್ಸ್. ವರ್ಷಕ್ಕೆ 5,300 ಪೌಂಡಿಗೂ ಜಾಸ್ತಿ. ಒಂದು ಫೋನಿನಲ್ಲಿ ಹೋಗಿತ್ತು. ಯಾರೂ ಕೇಳಿರಲಿಲ್ಲ, ಯಾರೂ ನಿಲ್ಲಿಸು ಅಂದಿರಲಿಲ್ಲ.

ಪೂರ್ವ ಲಂಡನ್ನಿನ ಒಂದು ಸಲಹಾ ಕೇಂದ್ರದಲ್ಲಿ ಕೂತು ಇಂಥ ಅರ್ಜಿಗಳನ್ನು ತುಂಬಿಸುವುದೇ ನನ್ನ ಕೆಲಸ. ತಮಿಳರು, ಬಂಗಾಳಿಗಳು, ಇಂಗ್ಲಿಷರು ಎಲ್ಲರೂ ಬರುತ್ತಾರೆ, ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಈ ಒಂದು ತಪ್ಪನ್ನು ನಮ್ಮ ಕನ್ನಡದವರು ಮಾಡುವಷ್ಟು ಮನಸ್ಸಿಟ್ಟು ಬೇರೆ ಯಾರೂ ಮಾಡುವುದನ್ನು ನಾನು ಕಂಡಿಲ್ಲ. ಅದಕ್ಕೇ ಇವತ್ತು ಇದೊಂದನ್ನೇ ಬರೆಯುತ್ತೇನೆ.

ತಪ್ಪು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಗೊತ್ತು. ಊರಿನಲ್ಲಿ ನಾವು ನೋಡಿರುವುದು ಅಂಗವಿಕಲರ ಪಿಂಚಣಿ. ನಾಡಕಚೇರಿಗೆ ಅರ್ಜಿ ಕೊಡಬೇಕು, ಆದಾಯ ಪ್ರಮಾಣಪತ್ರ ಬೇಕು, ಡಾಕ್ಟರು ಶೇಕಡಾ ಇಷ್ಟು ಅಂತ ಬರೆದುಕೊಡಬೇಕು. ಆದಾಯ ಮಿತಿ ದಾಟಿದರೆ ಪಿಂಚಣಿ ಇಲ್ಲ. ಹಾಗಾಗಿ ಅಂಗವೈಕಲ್ಯದ ಹಣ ಅಂದರೆ ಕೈಲಾಗದವರಿಗೆ, ಬಡವರಿಗೆ ಕೊಡುವ ಹಣ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದೇ ಲೆಕ್ಕ ಹಿಡಿದುಕೊಂಡು ಬ್ರಿಟನ್ನಿಗೆ ಬರುತ್ತೇವೆ. ಶೇಕಡಾ 60 ಎಂದು ಬರೆದ ಊರಿನ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ನನ್ನ ಮೇಜಿನ ಮೇಲೆ ಇಟ್ಟವರಿದ್ದಾರೆ. ಅದನ್ನು ಜೋಪಾನವಾಗಿಟ್ಟುಕೊಳ್ಳಿ, ಕಾಯಿಲೆಯ ಹಳೆಯ ದಾಖಲೆಯಾಗಿ ಉಪಯೋಗಕ್ಕೆ ಬರಬಹುದು. ಆದರೆ ಇಲ್ಲಿ ಶೇಕಡಾ ಲೆಕ್ಕದಿಂದ ಪಿಪ್ ಕೊಡುವುದಿಲ್ಲ.

ಪಿಪ್ ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್. 1992ರಿಂದ ಇದ್ದ ಡಿಸೆಬಿಲಿಟಿ ಲಿವಿಂಗ್ ಅಲೋಯೆನ್ಸ್ (ಡಿಎಲ್‌ಎ) ಬದಲಿಗೆ, ದುಡಿಯುವ ವಯಸ್ಸಿನವರಿಗೆ 2013ರಲ್ಲಿ ಬಂತು. ಸ್ಕಾಟ್ಲೆಂಡಿನಲ್ಲಿ ಇದರ ಜಾಗದಲ್ಲಿ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ. ಇದು ನಿಮ್ಮ ಸಂಬಳ ಕೇಳುವುದಿಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳುವುದಿಲ್ಲ. ಗಂಡ ಅಥವಾ ಹೆಂಡತಿ ಎಷ್ಟು ದುಡಿಯುತ್ತಾರೆ ಎಂದು ಕೇಳುವುದಿಲ್ಲ. ಇದಕ್ಕೆ ಆದಾಯ ತೆರಿಗೆಯೂ ಇಲ್ಲ. ಕೆಲಸ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಯಾಕೆ ಅಂದರೆ ಇದು ಸಂಬಳದ ಬದಲು ಕೊಡುವ ಹಣವೇ ಅಲ್ಲ. ಅಂಗವೈಕಲ್ಯ ಇದ್ದವರಿಗೆ ಬದುಕಿನ ಖರ್ಚು ಜಾಸ್ತಿ. ಟ್ಯಾಕ್ಸಿ ಬೇಕು, ಹೀಟಿಂಗ್ ಜಾಸ್ತಿ ಹೊತ್ತು ಬೇಕು, ಒಬ್ಬರ ಸಹಾಯ ಬೇಕು. ಆ ಜಾಸ್ತಿ ಖರ್ಚಿಗೆ ಇದು. ಕೆಲಸ ಸಿಕ್ಕಿದ ದಿನ ಮಂಡಿ ನೋವು ವಾಸಿಯಾಗುವುದಿಲ್ಲ ಅಲ್ವಾ?

ಇಷ್ಟು ಹೇಳಿದ ಮೇಲೂ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. "ಸರಿ ಮೇಡಂ, ಪಿಪ್ ಇರಲಿ. ಆದರೆ ಅದು ಬರುವಾಗ ಕೆಲಸ ಮಾಡುವವರಿಗೆ ಕೊಡೋ ಟ್ಯಾಕ್ಸ್ ಕ್ರೆಡಿಟ್ ಕೇಳೋ ಹಾಗಿಲ್ಲ ತಾನೆ? ಎರಡೂ ಕಡೆ ತಿಂದಂತೆ ಆಗುತ್ತೆ."

ಎರಡೂ ಕೇಳಬಹುದಿತ್ತು. ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ 2003ರಲ್ಲಿ ಶುರುವಾದಾಗಿನಿಂದ ಅದರೊಳಗೇ ಅಂಗವೈಕಲ್ಯ ಇರುವ ಕೆಲಸಗಾರರಿಗೆ ಬೇರೆ ಭಾಗ ಇಟ್ಟಿದ್ದರು. ಮಕ್ಕಳಿಲ್ಲದ ಬೇರೆಯವರು ಸಾಮಾನ್ಯವಾಗಿ 25 ವರ್ಷ ದಾಟಿ ವಾರಕ್ಕೆ 30 ಗಂಟೆ ದುಡಿಯಬೇಕಿತ್ತು. ಇವರಿಗೆ 16 ಗಂಟೆ ಸಾಕಿತ್ತು. ಅಂಗವೈಕಲ್ಯ ಇದೆ ಎಂದು ತೋರಿಸಲು ಸುಲಭದ ದಾರಿ ಯಾವುದು? ಡಿಎಲ್‌ಎ ಅಥವಾ ಪಿಪ್ ಬರುತ್ತಿರುವುದೇ. ಆ ಹಣವನ್ನು ಆದಾಯ ಎಂದೂ ಲೆಕ್ಕ ಹಾಕುತ್ತಿರಲಿಲ್ಲ. ಅಂದರೆ ಒಂದು ಇದ್ದರೆ ಇನ್ನೊಂದಕ್ಕೆ ಅಡ್ಡಿಯಿಲ್ಲ ಅನ್ನುವುದಷ್ಟೇ ಆಗಿರಲಿಲ್ಲ, ಒಂದರಿಂದಲೇ ಇನ್ನೊಂದು ಸಿಗುತ್ತಿತ್ತು. ಎಷ್ಟೋ ವರ್ಷ ಕೇಳದೇ ಬಿಟ್ಟವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಹೆಸರಿನಿಂದಲೂ ತೊಂದರೆಯಾಗಿದೆ. ಟ್ಯಾಕ್ಸ್ ಕ್ರೆಡಿಟ್ ಅಂದರೆ ಕಟ್ಟಿದ ತೆರಿಗೆ ವಾಪಸ್ ಬರುವುದು ಎಂದುಕೊಂಡವರು ಬಹಳ. ದಾವಣಗೆರೆಯ ಒಬ್ಬ ಹಿರಿಯರು, "ನಾನು ಟ್ಯಾಕ್ಸೇ ಕಟ್ಟಲ್ಲ, ನನಗೆಂಥ ಕ್ರೆಡಿಟ್ಟಮ್ಮಾ?" ಎಂದು ಫಾರ್ಮನ್ನೇ ಮುಟ್ಟಿರಲಿಲ್ಲ. ಕಡಿಮೆ ಸಂಬಳದವರ ಕೈಗೆ ನೇರವಾಗಿ ಕೊಡುತ್ತಿದ್ದ ಸಹಾಯ ಅದು. ತೆರಿಗೆ ಇಲಾಖೆ ಹಂಚುತ್ತಿತ್ತು, ಅದಕ್ಕೆ ಆ ಹೆಸರು.

ಈಗ ಆ ಬಾಗಿಲು ಮುಚ್ಚಿದೆ. 2025ರ ಏಪ್ರಿಲ್ 5ಕ್ಕೆ ಟ್ಯಾಕ್ಸ್ ಕ್ರೆಡಿಟ್ ಪೂರ್ತಿ ನಿಂತುಹೋಯಿತು. ಅದರ ಜಾಗದಲ್ಲಿ ಇರುವುದು ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಸಹಾಯ. ಬೇಸರದ ಸಂಗತಿ ಅಂದರೆ, ಅಂಗವೈಕಲ್ಯ ಇದ್ದು ದುಡಿಯುವವರಿಗೆ ಅಂತ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಇದ್ದ ಪ್ರತ್ಯೇಕ ಭಾಗ ಇದರಲ್ಲಿ ಇಲ್ಲ. ಅದಕ್ಕೇ ಜನ "ಅದು ಹೋಯ್ತಲ್ಲ" ಎಂದು ಕೈಬಿಡುತ್ತಾರೆ. ಹಾಗೆ ಬಿಡಬೇಡಿ. ದಾರಿ ಇದೆ, ಸ್ವಲ್ಪ ಸುತ್ತು. ಇಲ್ಲಿಂದ ಮುಂದೆ ದಯವಿಟ್ಟು ನಿಧಾನವಾಗಿ ಓದಿ.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆರೋಗ್ಯದ ಒಂದು ಭಾಗ ಇದೆ. ಕಾಗದದಲ್ಲಿ ಎಲ್‌ಸಿಡಬ್ಲ್ಯೂಆರ್‌ಎ ಎಂದು ಇರುತ್ತದೆ. ಅದು ಸಿಗಬೇಕಾದರೆ ದುಡಿಯುವ ಶಕ್ತಿ ಎಷ್ಟಿದೆ ಎನ್ನುವ ಪರೀಕ್ಷೆ ಆಗಬೇಕು. ಈಗಾಗಲೇ ದುಡಿಯುತ್ತಿದ್ದರೆ? ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಸಂಪಾದನೆ ಇದ್ದರೆ ಪರೀಕ್ಷೆಗೆ ಕಳಿಸುತ್ತಾರೆ. 2025-26ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್, ಹಾಗಾಗಿ ಆ ಮಿತಿ ತಿಂಗಳಿಗೆ ಸುಮಾರು 846 ಪೌಂಡ್. ಅದಕ್ಕಿಂತ ಜಾಸ್ತಿ ದುಡಿಯುವವರನ್ನು ಸಾಮಾನ್ಯವಾಗಿ ಪರೀಕ್ಷೆಗೇ ಕಳಿಸುವುದಿಲ್ಲ. ನೀವು ದುಡಿಯುತ್ತಿದ್ದೀರಿ, ಆದ್ದರಿಂದ ದುಡಿಯಬಲ್ಲಿರಿ ಎಂದು ಅಲ್ಲೇ ಮುಗಿಸುತ್ತಾರೆ.

ಪಿಪ್ ಬರುತ್ತಿದ್ದರೆ ಹಾಗೆ ಮುಗಿಸುವಂತಿಲ್ಲ. ಸಂಪಾದನೆ ಮಿತಿ ದಾಟಿದ್ದರೂ ಪರೀಕ್ಷೆಗೆ ಕಳಿಸಬೇಕು. ಮತ್ತೊಮ್ಮೆ ಹೇಳುತ್ತೇನೆ. ಆ ಮಿತಿಗಿಂತ ಜಾಸ್ತಿ ದುಡಿಯುವವರಿಗೆ ಆರೋಗ್ಯದ ಭಾಗದ ಬಾಗಿಲು ತೆರೆಯುವ ಕೀಲಿಕೈ ಪಿಪ್. ಕೆಲಸ ಸಿಕ್ಕಿತು ಎಂದು ಪಿಪ್ ಬಿಟ್ಟವರು ಆ ಕೀಲಿಕೈಯನ್ನೂ ಕೊಟ್ಟುಬಂದ ಹಾಗೆ. ಹಾಸನದ ಆ ಹೆಣ್ಣುಮಗಳಿಗೆ ಆಗಿದ್ದು ಇದೇ. ಪಿಪ್ ಹೋಯಿತು, ಜೊತೆಗೆ ಯೂನಿವರ್ಸಲ್ ಕ್ರೆಡಿಟ್‌ನ ಪರೀಕ್ಷೆಯೂ ತಪ್ಪಿತು.

ದುಡ್ಡಿನಲ್ಲಿ ಎಷ್ಟು ವ್ಯತ್ಯಾಸ, 2025-26ರ ಅಂಕಿಗಳಲ್ಲೇ ನೋಡಿ. ಕೈಗೆ ತಿಂಗಳಿಗೆ 1,000 ಪೌಂಡ್ ಸಂಬಳ, ಮಕ್ಕಳ ಹೊಣೆ ಇಲ್ಲ, ಬಾಡಿಗೆಗೆ ಯೂನಿವರ್ಸಲ್ ಕ್ರೆಡಿಟ್ ಸಹಾಯ ಬರುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಆಗದಿದ್ದರೆ ಸಂಬಳದ ಪ್ರತಿ ಪೌಂಡಿಗೂ 55 ಪೆನ್ಸ್ ಕಡಿತ. ಅಂದರೆ 550 ಪೌಂಡ್ ಹೋಯಿತು. ಪರೀಕ್ಷೆಯಲ್ಲಿ ಪಾಸಾದರೆ, ಅಂದರೆ ದುಡಿಯುವ ಶಕ್ತಿ ತೀರಾ ಕಡಿಮೆ ಎಂದು ಬಂದರೆ, ಸಂಬಳದ ಮೊದಲ 411 ಪೌಂಡನ್ನು ಮುಟ್ಟುವುದಿಲ್ಲ. ಇದಕ್ಕೆ ವರ್ಕ್ ಅಲೋಯೆನ್ಸ್ ಎನ್ನುತ್ತಾರೆ. ಉಳಿದ 589ಕ್ಕೆ ಮಾತ್ರ ಕಡಿತ, ಸುಮಾರು 324 ಪೌಂಡ್. ಅಲ್ಲಿಗೆ 226 ಪೌಂಡ್ ಉಳಿಯಿತು. ಅದರ ಮೇಲೆ ಆರೋಗ್ಯದ ಭಾಗ ತಿಂಗಳಿಗೆ 423.27 ಪೌಂಡ್. ಎರಡೂ ಸೇರಿ ತಿಂಗಳಿಗೆ ಸುಮಾರು 649 ಪೌಂಡ್. ಪಿಪ್ ಹಣ ಬೇರೆ, ಅದು ಇದರ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಕೆಲವು ಎಚ್ಚರಿಕೆಯ ಮಾತು ಹೇಳಬೇಕು. ಪರೀಕ್ಷೆಗೆ ಕಳಿಸುತ್ತಾರೆ ಅಂದರೆ ಪಾಸಾಗುತ್ತೀರಿ ಎಂದಲ್ಲ. ಪಿಪ್ ಪರೀಕ್ಷೆ ಬೇರೆ, ಇದು ಬೇರೆ. ಕೆಲವರಿಗೆ, ಶಕ್ತಿ ಕಡಿಮೆ ಆದರೆ ತೀರಾ ಕಡಿಮೆಯಲ್ಲ ಎಂಬ ಅರ್ಧ ಫಲ ಸಿಗುತ್ತದೆ. ಅಂಥವರಿಗೆ ಹೊಸ ಅರ್ಜಿಯಾದರೆ ಜಾಸ್ತಿ ಹಣ ಇಲ್ಲ, ಆದರೆ ವರ್ಕ್ ಅಲೋಯೆನ್ಸ್ ಸಿಗುತ್ತದೆ, ಅದೂ ಸಣ್ಣದಲ್ಲ. ಹಣ ಸೇರಲು ಸಾಮಾನ್ಯವಾಗಿ 3 ತಿಂಗಳು ಕಾಯಬೇಕು. 2026ರ ಏಪ್ರಿಲ್‌ನಿಂದ ಹೊಸದಾಗಿ ಬರುವ ಹೆಚ್ಚಿನವರಿಗೆ ಆರೋಗ್ಯದ ಭಾಗ ತಿಂಗಳಿಗೆ ಸುಮಾರು 217 ಪೌಂಡ್ ಮಾತ್ರ. ತೀರಾ ಗಂಭೀರ ಕಾಯಿಲೆಯವರಿಗೆ ವಿನಾಯಿತಿ ಇದೆ. ಪ್ರತಿ ಏಪ್ರಿಲ್‌ನಲ್ಲೂ ಅಂಕಿಗಳು ಬದಲಾಗುತ್ತವೆ. ನಿಮ್ಮ ಮನೆಯ ಲೆಕ್ಕ ನನ್ನ ಉದಾಹರಣೆಯ ಹಾಗೆಯೇ ಇರಬೇಕೆಂದಿಲ್ಲ. ಕಾಗದ ತೋರಿಸಿ ಕೇಳಿಕೊಂಡು ಮುಂದುವರಿಯಿರಿ.

ಇನ್ನೊಂದು ಎಚ್ಚರಿಕೆ ವೀಸಾದ್ದು. ನಿಮ್ಮ ವೀಸಾದಲ್ಲಿ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್ ಎಂಬ ಷರತ್ತು ಇದ್ದರೆ ಪಿಪ್ ಆಗಲಿ ಯೂನಿವರ್ಸಲ್ ಕ್ರೆಡಿಟ್ ಆಗಲಿ ಕೇಳುವಂತಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ. ಮೊದಲು ವಲಸೆ ವಿಷಯದ ಸಲಹೆಗಾರರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ.

ಈಗ ಇದಕ್ಕೆ ತದ್ವಿರುದ್ಧವಾದ ತಪ್ಪು. ಪಿಪ್ ಬರುವಾಗ ಕೆಲಸ ಮಾಡಬಹುದು ಎಂದು ಯಾರೋ ಹೇಳಿದ್ದನ್ನು ಕೇಳಿ, ಒಬ್ಬ ಹುಡುಗ ಇಎಸ್‌ಎ ತಗೊಳ್ಳುತ್ತಾ ವಾರಕ್ಕೆ 22 ಗಂಟೆ ಅಂಗಡಿಯಲ್ಲಿ ದುಡಿದ. ಯಾರಿಗೂ ತಿಳಿಸಲಿಲ್ಲ. ಅವನ ಮನಸ್ಸಿನಲ್ಲಿ ಎಲ್ಲವೂ ಡಿಸೆಬಿಲಿಟಿ ದುಡ್ಡು, ಎಲ್ಲಕ್ಕೂ ಒಂದೇ ನಿಯಮ. ಇಎಸ್‌ಎ ಅಂದರೆ ಕಾಯಿಲೆಯಿಂದ ದುಡಿಯಲಾಗದವರಿಗೆ ಸಂಬಳದ ಬದಲು ಕೊಡುವ ಹಣ. ಅದರಲ್ಲಿ ವಾರಕ್ಕೆ 16 ಗಂಟೆಗಿಂತ ಕಡಿಮೆ, 2025-26ರಲ್ಲಿ 195.50 ಪೌಂಡ್ ಒಳಗೆ ಮಾತ್ರ ದುಡಿಯಬಹುದು, ಅದನ್ನೂ ತಿಳಿಸಿ. ಹಣ ವಾಪಸ್ ಕಟ್ಟಿ ಎಂಬ ಪತ್ರ ಹಿಡಿದು ಬಂದಾಗ ಅವನ ಕೈ ನಡುಗುತ್ತಿತ್ತು. ಮೋಸ ಮಾಡುವ ಹುಡುಗನೇ ಅಲ್ಲ. ಕಂತಿನಲ್ಲಿ ಕಟ್ಟುವ ಹಾಗೆ ಮಾಡಿಸಿದೆವು. ಈಗಲೂ ಕಟ್ಟುತ್ತಿದ್ದಾನೆ.

ಆದ್ದರಿಂದ ನನ್ನ ಹತ್ತಿರ ಬಂದು "ನನಗೆ ಡಿಸೆಬಿಲಿಟಿ ಬರುತ್ತೆ" ಎಂದಾಗ ನಾನು ಮೊದಲು ಕೇಳುವುದು, ಯಾವುದು? ಪತ್ರದ ಮೇಲೆ ಹೆಸರು ಇರುತ್ತದೆ. ಆ ಹೆಸರು ಗೊತ್ತಾಗುವ ತನಕ ನಾನೂ ಏನೂ ಹೇಳಲಾರೆ.

ಹಾಸನದವರ ಕತೆಗೆ ಬರುತ್ತೇನೆ. ನಿಲ್ಲಿಸಿದ ಪಿಪ್ ಮತ್ತೆ ತಾನಾಗಿ ಬರುವುದಿಲ್ಲ. ಹೊಸ ಅರ್ಜಿಯೇ ಹಾಕಿದೆವು. 10 ದಿನನಿತ್ಯದ ಕೆಲಸ, 2 ಓಡಾಟದ ವಿಷಯ, ಪ್ರತಿಯೊಂದಕ್ಕೂ ಅಂಕ. ಎರಡು ಗುಂಪಿಗೂ ಬೇರೆ ಬೇರೆ ಲೆಕ್ಕ, 8 ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. ಮೊದಲ ಪ್ರಶ್ನೆಯೇ ಅಡುಗೆ. "ಅಡುಗೆ ಮಾಡ್ತೀರಾ?" ಅಂದೆ. "ಅಯ್ಯೋ, ಮಾಡದೇ ಇರ್ತೀನಾ ಅಕ್ಕಾ!" ಅಂದರು. ಅವರಿಗೆ ಅದು ಮಾನದ ಪ್ರಶ್ನೆ. ಹಾಗೇ ಬರೆದಿದ್ದರೆ ಸೊನ್ನೆ. ಎಲ್ಲ ಮುಗಿದು ಕೋಟು ಹಾಕಿಕೊಳ್ಳುವಾಗ, ತೋಳು ಏರಿಸಲು ಕಷ್ಟಪಡುತ್ತಾ ಅಂದರು, "ಮುದ್ದೆ ತಿರುವಿ ಮೂರು ವರ್ಷ ಆಯ್ತು. ಕುಕ್ಕರ್ ಮುಚ್ಚಳ ಪಕ್ಕದ ಮನೆಯವರು ಬಂದು ತೆಗೆದುಕೊಡ್ತಾರೆ. ತರಕಾರಿ ಹೆಚ್ಚಿದ್ದೇ ತರ್ತೀನಿ." ಅವರನ್ನು ಮತ್ತೆ ಕೂರಿಸಿದೆ. ಆ ಪುಟ ಹರಿದು ಹೊಸದು ಬರೆದೆವು.

ಮಾಡುತ್ತೀರಾ ಎಂದು ಕೇಳಿದಾಗ ಸುರಕ್ಷಿತವಾಗಿ, ಸರಿಯಾಗಿ, ಬೇಕಾದಷ್ಟು ಸಲ, ಹೆಚ್ಚು ಹೊತ್ತು ಹಿಡಿಯದೆ ಮಾಡಬಲ್ಲಿರಾ ಎಂದು ಅರ್ಥ ಮಾಡಿಕೊಳ್ಳಿ. ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೇಗಿರುತ್ತದೆ ಎಂದು ಹೇಳಿ. ಕೆಲಸದ ಜಾಗದ ಬಗ್ಗೆಯೂ ಕೇಳಬಹುದು. ಸಂಬಳಕ್ಕಾಗಿ ಅಲ್ಲ, ಅಲ್ಲಿ ನೀವು ಏನೇನು ಮಾಡುತ್ತೀರಿ ಎಂದು ತಿಳಿಯಲು. ಎತ್ತರದ ಕುರ್ಚಿ ಕೊಟ್ಟಿದ್ದಾರೆ, ಫೈಲು ಬೇರೆಯವರು ತಂದುಕೊಡುತ್ತಾರೆ, ನಡುವೆ ವಿಶ್ರಾಂತಿ ಇದೆ ಎಂಬುದನ್ನೆಲ್ಲ ಬರೆಯಿಸಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಅವರಿಗೆ ಪಿಪ್ ಮತ್ತೆ ಬಂತು, ಅದೇ ದರದಲ್ಲಿ. ನಡುವಿನ ವಾರಗಳ ಹಣ ಬರಲಿಲ್ಲ. ಪಿಪ್ ಪತ್ರ ಕೈಗೆ ಬಂದ ದಿನವೇ ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ಕಾಯಿಲೆಯ ವಿಷಯ ಬರೆದೆವು. ಪರೀಕ್ಷೆಗೆ ಕರೆ ಬಂದಿದೆ. ಫಲಿತಾಂಶಕ್ಕೆ ಕಾಯುತ್ತಿದ್ದೇವೆ.

ಕೆಲಸ ಸಿಕ್ಕಾಗ ಯಾರಿಗೆ ತಿಳಿಸಬೇಕು ಎಂದು ಕೇಳುವಿರಿ. ಯೂನಿವರ್ಸಲ್ ಕ್ರೆಡಿಟ್ ಬರುತ್ತಿದ್ದರೆ ಅವರಿಗೆ ತಿಳಿಸಿ. ಇಎಸ್‌ಎ ಇದ್ದರೆ ಶುರು ಮಾಡುವ ಮೊದಲೇ ತಿಳಿಸಿ. ಪಿಪ್‌ನವರಿಗೆ ನಿಮ್ಮ ಕಾಯಿಲೆ, ನಿಮಗೆ ಬೇಕಾದ ಸಹಾಯ ಬದಲಾದರೆ ತಿಳಿಸಬೇಕು. ಎಲ್ಲಿಗೂ ಫೋನ್ ಮಾಡುವ ಮುಂಚೆ ಆ ಪತ್ರಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ಹತ್ತಿರದ ಸಲಹಾ ಕೇಂದ್ರಕ್ಕೆ ಹೋಗಿ. ಒಡೆಯದ ಲಕೋಟೆಗಳಿದ್ದರೆ ಅವನ್ನೂ ತನ್ನಿ. ನಾವೇ ಒಡೆದು ಓದುತ್ತೇವೆ.