ಫಾರ್ಮಲಿನ್ ಡಬ್ಬಿಯಲ್ಲಿ ಅರ್ಧ ಪಿಎಚ್‌ಡಿ

ಎಂಎಸ್ಸಿ ಮುಗಿಸಿ ಧಾರವಾಡದಿಂದಲೋ ಮಂಗಳೂರಿನಿಂದಲೋ ಮುಂಬಯಿಗೆ ಬರುವವರಿರಲಿ, ಇಲ್ಲೇ ಡೊಂಬಿವಲಿ, ಮುಲುಂಡಿನಲ್ಲಿ ಬೆಳೆದ ಕನ್ನಡದ ಮಕ್ಕಳಿರಲಿ, ಕೇಳುವ ಮೊದಲ ಪ್ರಶ್ನೆ ಒಂದೇ: "ಟಾಟಾದಲ್ಲಿ ಸೀಟು ಸಿಗುತ್ತಾ?" ಟಾಟಾ ಎಂದರೆ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ, ಸೀಟು ಎಂದರೆ ಅಲ್ಲಿನ ಪಿಎಚ್‌ಡಿ ಸೀಟು. ಅದು ಸಿಕ್ಕಮೇಲೆ ಐದು ವರ್ಷ ಯಾವುದರಲ್ಲಿ ಕರಗುತ್ತದೆ ಎಂದು ಕೇಳುವವರು ಕಡಿಮೆ. ಬಹಳಷ್ಟು ಕಾಲ ಕರಗುವುದು ರೋಗಿಯ ಗಡ್ಡೆಯ ಸ್ಯಾಂಪಲ್ ಕೈಗೆ ಬರುವ ಮೊದಲೇ.

ಸೀಟಿನ ವಿಷಯ ಬೇಗ ಮುಗಿಸೋಣ. ಊರಿನವರಿಗೆ ಗೊತ್ತಿರುವ ಪರೇಲಿನ ಆಸ್ಪತ್ರೆ 1941ರದು. ಲ್ಯಾಬಿನ ಪಿಎಚ್‌ಡಿ ಮುಖ್ಯವಾಗಿ ನಡೆಯುವುದು ಅದರದೇ ಅಂಗವಾದ ಖಾರ್ಘರ್‌ನ ಆಕ್ಟ್ರೆಕ್ ಸಂಶೋಧನಾ ಕೇಂದ್ರದಲ್ಲಿ. ಪನ್ವೇಲ್ ಲೋಕಲ್ ಹಿಡಿಯಬೇಕು. ಪದವಿ ಕೊಡುವುದು ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್. ಪುಣೆಯಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲೇ ಎನ್‌ಸಿಸಿಎಸ್ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಇದೆ. ದೇಶದ ಲ್ಯಾಬುಗಳಿಗೆ ಸೆಲ್ ಲೈನ್ (ಲ್ಯಾಬಿನಲ್ಲೇ ಬೆಳೆಸುತ್ತ ಬರುವ ಜೀವಕೋಶಗಳು) ಒದಗಿಸುವ ಭಂಡಾರವೂ ಅಲ್ಲೇ. ಫೆಲೋಶಿಪ್ಪಿಗೆ ಬರೆಯುವ ರಾಷ್ಟ್ರೀಯ ಪರೀಕ್ಷೆ ಸಿಎಸ್‌ಐಆರ್ ನೆಟ್. ಅದರ ಜೀವವಿಜ್ಞಾನ ಪತ್ರಿಕೆಗೆ 200 ಅಂಕ. ಅದರಲ್ಲಿ 100 ಅಂಕ ಸಿ ಭಾಗದ್ದು: 75 ಪ್ರಶ್ನೆಗಳಲ್ಲಿ 25 ಆರಿಸಿಕೊಳ್ಳಬೇಕು, ಒಂದಕ್ಕೆ 4 ಅಂಕ, ತಪ್ಪಾದರೆ ಕಾಲುಭಾಗ ಕಡಿತ. ಎ ಭಾಗದ 30 ಅಂಕ ಸಾಮಾನ್ಯ ಲೆಕ್ಕ, ತರ್ಕದ್ದು. ಜೀವವಿಜ್ಞಾನದವರು ಕಡೆಗಣಿಸುವುದು ಅದನ್ನೇ.

ಹಣದ ಲೆಕ್ಕ ಮಾತ್ರ ಕೂತು ಹಾಕಿ. ಜೆಆರ್‌ಎಫ್‌ಗೆ (ಜೂನಿಯರ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ (ಸೀನಿಯರ್) ಆದರೆ 42,000; ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ. ನೆಟ್‌ನ ಈ ಫೆಲೋಶಿಪ್ ಒಟ್ಟು ಐದು ವರ್ಷ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಐದಕ್ಕೂ ಆರಕ್ಕೂ ನಡುವಿನ ಆ ಒಂದು ವರ್ಷಕ್ಕೆ ಸಂಬಳವಿಲ್ಲ, ಬಾಡಿಗೆ ಮಾತ್ರ ಇರುತ್ತದೆ. ಮೊದಲ ವರ್ಷ ಎಂಟು ತಿಂಗಳು ಪೋಲು ಮಾಡಿದ್ದರೆ ಅದರ ಬಿಲ್ಲು ಬರುವುದು ಆಗ.

ಗೈಡ್ ಹುಡುಕುವಾಗ ಪೇಪರ್ ಎಣಿಸುವುದಕ್ಕಿಂತ ಅವರ ಸೀನಿಯರ್ ವಿದ್ಯಾರ್ಥಿಗಳ ಜೊತೆ ಒಂದು ಚಹಾ ಕುಡಿಯುವುದು ಲೇಸು. ಕಳೆದ ಸಲ ಥೀಸಿಸ್ ಕೊಟ್ಟವರು ಎಷ್ಟು ವರ್ಷ ತೆಗೆದುಕೊಂಡರು? ಅವರ ಸ್ಯಾಂಪಲ್ ಎಲ್ಲಿಂದ ಬರುತ್ತಿತ್ತು? ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನು ಡಬ್ಬಿಗೆ ಬರೋಣ.

ಆಪರೇಷನ್ ಥಿಯೇಟರಿನಲ್ಲಿ ತೆಗೆದ ಗಡ್ಡೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ. ನಿಮ್ಮ ಸಂಶೋಧನೆಯ ಹಣೆಬರಹ ಅಲ್ಲೇ ಬರೆದಾಗುತ್ತದೆ, ಆದರೆ ಆ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ರಕ್ತದ ಹರಿವು ನಿಂತ ಕ್ಷಣದಿಂದ ಅಂಗಾಂಶ ಕೆಡಲು ತೊಡಗುತ್ತದೆ. ಸ್ತನ ಕ್ಯಾನ್ಸರಿಗೆ ಯಾವ ಔಷಧ ನಾಟೀತೆಂದು ತಿಳಿಸುವ ಇಆರ್, ಪಿಆರ್, ಹರ್-2 ಪರೀಕ್ಷೆಗೆ ತೆಗೆದ ಗಂಟು ಒಂದು ಗಂಟೆಯೊಳಗೆ, ಅಂಗಾಂಶ ಕೆಡದಂತೆ ಹಿಡಿದಿಡುವ ಫಾರ್ಮಲಿನ್ ದ್ರವ ಸೇರಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ದ್ರವ ಗಂಟಿನ ಹತ್ತು ಪಟ್ಟು ಬೇಕು. ಡಬ್ಬಿ ಸಣ್ಣದು, ಗಂಟು ದೊಡ್ಡದು ಎಂದು ತುರುಕಿ ಮುಚ್ಚಳ ಒತ್ತಿದರೆ ಹೊರಗಿನ ಪದರ ಮಾತ್ರ ಗಟ್ಟಿಯಾಗಿ ನಡುಭಾಗ ಕೊಳೆಯುತ್ತದೆ. ಫಾರ್ಮಲಿನ್ ಒಳಗೆ ಇಳಿಯುವುದು ಮೊದಲಿಗೆ ಗಂಟೆಗೆ ಒಂದು ಮಿಲಿಮೀಟರ್‌ನಷ್ಟು, ಆಮೇಲೆ ಇನ್ನೂ ನಿಧಾನ. ಅದಕ್ಕೇ ದೊಡ್ಡ ಗಂಟನ್ನು 5ರಿಂದ 10 ಮಿ.ಮೀ. ಅಂತರದಲ್ಲಿ ಸೀಳಿ ಹಾಕಬೇಕು. ಶನಿವಾರ ಮಧ್ಯಾಹ್ನ ಬಂದದ್ದನ್ನು ಯಾರೂ ಸೀಳದೆ ಸೋಮವಾರದವರೆಗೆ ಬಿಟ್ಟರೆ, ಹರ್-2 ನೆಗೆಟಿವ್ ಬಂದದ್ದು ಕಾಯಿಲೆಯ ಗುಣವೋ ಡಬ್ಬಿಯ ಗುಣವೋ ಹೇಳಲಾಗದು. ಆಸ್ಪತ್ರೆ ಒಂದು ಕಡೆ, ಲ್ಯಾಬು ಇನ್ನೊಂದು ಕಡೆ ಇದ್ದರಂತೂ ಸಾಯನ್-ಪನ್ವೇಲ್ ಹೆದ್ದಾರಿಯ ಟ್ರಾಫಿಕ್ಕೂ ನಿಮ್ಮ ಪ್ರಯೋಗದ ಒಂದು ಹಂತ ಎಂದೇ ತಿಳಿಯಿರಿ.

ದ್ರವವನ್ನೂ ನಂಬಬೇಡಿ. ಸರಿಯಾದ ಹದ ಇಷ್ಟು: ಗಾಢ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಕೆಲವು ಕಡೆ ಆ ಎರಡು ಲವಣ ಬಿಟ್ಟು ಬರೀ ನೀರು ಬೆರೆಸಿಡುತ್ತಾರೆ. ಅದು ಬರಬರುತ್ತ ಹುಳಿಯಾಗಿ ಫಾರ್ಮಿಕ್ ಆಮ್ಲ ಕಟ್ಟುತ್ತದೆ, ಡಿಎನ್‌ಎ ತುಂಡುತುಂಡಾಗುತ್ತದೆ, ಸ್ಲೈಡಿನಲ್ಲಿ ಕಪ್ಪು ಪುಡಿಯಂಥ ಕಲೆ ಕಾಣುತ್ತದೆ. ಇಂಥ ಬ್ಲಾಕಿನಿಂದ (ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) 500 ಬೇಸ್ ಉದ್ದದ ಡಿಎನ್‌ಎ ತುಣುಕನ್ನು ಪಿಸಿಆರ್‌ನಲ್ಲಿ ನಕಲು ತೆಗೆಯಲು ಹೋಗಿ ತಿಂಗಳುಗಟ್ಟಲೆ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರುವ ಸಣ್ಣ ಡಿಎನ್‌ಎ) ಬದಲಿಸುವವರಿದ್ದಾರೆ. ತಪ್ಪು ಪ್ರೈಮರಿನದಲ್ಲ. 150 ಬೇಸಿನೊಳಗೆ ವಿನ್ಯಾಸ ಮಾಡಿ. ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್‌ನಲ್ಲಿ ಸಿ ಇದ್ದಲ್ಲಿ ಟಿ ಕಂಡರೆ ಹೊಸ ಮ್ಯುಟೇಷನ್ ಸಿಕ್ಕಿತೆಂದು ಕುಣಿಯುವ ಮೊದಲು ಫಾರ್ಮಲಿನ್ ಮೇಲೆ ಅನುಮಾನ ಪಡಿ.

ಹಳೆಯ ಬ್ಲಾಕ್ ಆಗಲಿ ಹೊಸ ಗಂಟಾಗಲಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ. ಚಿಕಿತ್ಸೆಯ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನ ದೇಶದ ಟ್ರಯಲ್‌ಗಳ ದಾಖಲೆಪಟ್ಟಿ ಸಿಟಿಆರ್‌ಐಯಲ್ಲಿ ನೋಂದಣಿಯೂ ಆಗಿರಬೇಕು. ಕಮಿಟಿಯಿಂದ ಕಡತ ವಾಪಸು ಬರಲು ಒಂದು ಸಾಮಾನ್ಯ ಕಾರಣ ರೋಗಿಯ ಒಪ್ಪಿಗೆ ಪತ್ರ. ಮುಂಬಯಿಯಲ್ಲಿ ಮರಾಠಿ, ಹಿಂದಿ ಪ್ರತಿ ಹೇಗೋ ಸಿದ್ಧವಾಗುತ್ತದೆ. ಬೆಳಗಾವಿ, ಕಲಬುರಗಿ ಕಡೆಯಿಂದ ಬಂದವರಿಗೆ ಕನ್ನಡದ ಪ್ರತಿ ಬೇಕೆಂದಾಗ ಲ್ಯಾಬಿನ ಕನ್ನಡದವರ ತಲೆಗೆ ಬರುತ್ತದೆ. "ತಮ್ಮ ಅಂಗಾಂಶದ ಮಾದರಿಯನ್ನು ಆಣ್ವಿಕ ವಿಶ್ಲೇಷಣೆಗೆ ಒಳಪಡಿಸಲಾಗುವುದು" ಎಂದು ಬರೆದರೆ ಜೇವರ್ಗಿಯ ರೈತನಿಗೆ ಏನು ತಿಳಿಯಬೇಕು? "ಆಪರೇಷನ್‌ದಾಗ ತೆಗೆದ ಗಂಟಿನ ಒಂದು ಚೂರು ಇಟ್ಕೊಂಡು ಪರೀಕ್ಷೆ ಮಾಡ್ತೀವ್ರಿ. ನೀವು ಬ್ಯಾಡಂದ್ರೂ ನಿಮ್ಮ ಔಷಧೋಪಚಾರಕ್ಕ ಏನೂ ತೊಂದ್ರಿ ಇಲ್ಲ" ಎಂದು ಬಾಯಲ್ಲಿ ಹೇಳುವುದಕ್ಕೆ ಕಾಗದ ಹತ್ತಿರವಾಗಿರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧಪಡದ ಸಾಕ್ಷಿ ಇರಬೇಕು. ನಿಮ್ಮ ರೂಂಮೇಟ್ ಸಾಕ್ಷಿಯಾಗಲಾರ.

ರೋಗಿಯ ಸ್ಯಾಂಪಲ್ಲಿನ ರಗಳೆಯೇ ಬೇಡವೆಂದು ಸೆಲ್ ಲೈನ್ ಹಿಡಿಯುವವರಿಗೆ ಬೇರೆ ಶನಿ ಕಾದಿದೆ: ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಅದಕ್ಕೆ ಜೀವಕೋಶದ ಭಿತ್ತಿಯೇ ಇಲ್ಲ, ಪೆನಿಸಿಲಿನ್ ನಾಟುವುದಿಲ್ಲ, 0.2 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳುತ್ತದೆ. ಕೋಶ ಬೆಳೆಸುವ ದ್ರವ ಕದಡುವುದೂ ಇಲ್ಲ. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ ನೋಡುತ್ತಿರಬೇಕು. ಪಕ್ಕದ ಲ್ಯಾಬಿನ ಗೆಳತಿ ಕೊಟ್ಟ ಫ್ಲಾಸ್ಕನ್ನು, ಕೋಶ ಯಾವುದೆಂದು ಡಿಎನ್‌ಎಯಿಂದ ಗುರುತಿಸುವ ಎಸ್‌ಟಿಆರ್ ಪ್ರೊಫೈಲ್ ಮಾಡಿಸದೆ ಇನ್‌ಕ್ಯುಬೇಟರಿಗೆ ಸೇರಿಸಬೇಡಿ. ಬಾಯಿ ಕ್ಯಾನ್ಸರ್ ಕೋಶವೆಂದು ಮೂರು ವರ್ಷ ಸಾಕಿದ್ದು ಹೀಲಾ ಎಂಬ ಗರ್ಭಕಂಠ ಕ್ಯಾನ್ಸರಿನ ಕೋಶವಾಗಿದ್ದರೆ ಥೀಸಿಸ್ಸೇ ಹೋಯಿತು. ಒಂದೇ ಫ್ಲಾಸ್ಕಿನ ಕೋಶಗಳನ್ನು ಪ್ಲೇಟಿನ ಮೂರು ಕುಳಿಗೆ ಹಾಕಿ ಎಣಿಸಿದರೆ ಅದು ಮೂರು ಪ್ರಯೋಗವಲ್ಲ, ಒಂದೇ. ಪರೀಕ್ಷಕರು ವೈವಾದಲ್ಲಿ ಹಿಡಿಯುವುದು ಇದನ್ನೇ.

ಎಂಡಿ, ಎಂಎಸ್ ಮಾಡುತ್ತಿರುವ ವೈದ್ಯರ ಪಾಡು ಬೇರೆ. ಮೂರು ವರ್ಷದ ಕೋರ್ಸಿನಲ್ಲಿ ಐದು ವರ್ಷದ ಬದುಕುಳಿವಿನ ಪ್ರಮಾಣ ಅಳೆಯುತ್ತೇನೆಂದು ಥೀಸಿಸ್ ವಿಷಯ ಬರೆದುಕೊಡುವವರನ್ನು ಏನನ್ನಬೇಕು? ಅಂಥ ಪ್ರಶ್ನೆಗೆ ಎಷ್ಟು ಕಾಲ ಬೇಕೆಂಬುದಕ್ಕೆ ಪರೇಲಿನದೇ ಉದಾಹರಣೆ ಇದೆ. ಬಾಯಿ ಕ್ಯಾನ್ಸರ್ ಆರಂಭದಲ್ಲಿದ್ದಾಗ, ಕತ್ತಿನಲ್ಲಿ ಗಂಟು ಕೈಗೆ ಸಿಗದಿದ್ದರೂ ಅಲ್ಲಿನ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ, ಗಂಟು ಕಂಡಮೇಲೆ ತೆಗೆದರೆ ಸಾಕೇ? ಆಗ ಅಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ಅನಿಲ್ ಡಿಕ್ರೂಜ್ ಅವರ ತಂಡ 2004ರಿಂದ 2014ರವರೆಗೆ ರೋಗಿಗಳನ್ನು ಸೇರಿಸಿಕೊಳ್ಳುತ್ತ ಹೋಯಿತು. ಮೊದಲ 500 ರೋಗಿಗಳ ಲೆಕ್ಕ 2015ರಲ್ಲಿ ಪ್ರಕಟವಾಯಿತು: ಮೂರು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲೇ ತೆಗೆದ ಗುಂಪಿನಲ್ಲಿ ಶೇ. 80, ಕಾದವರಲ್ಲಿ ಶೇ. 67.5. ದುಬಾರಿ ಯಂತ್ರ ಬೇಡಿದ ಪ್ರಶ್ನೆಯಲ್ಲ ಅದು. ರೋಗಿಗಳು ಅದೇ ಒಪಿಡಿಯ ಸಾಲಿನಲ್ಲಿದ್ದರು. ಮೂರು ವರ್ಷದವರು ಇದರ ಒಂದು ತುಣುಕನ್ನಷ್ಟೇ ಹಿಡಿಯಬಹುದು.

ಆದ್ದರಿಂದ ಸಿನಾಪ್ಸಿಸ್ ಬರೆಯುವ ಮುಂಚೆ ಎಥಿಕ್ಸ್ ಒಪ್ಪಿಗೆ ಪಡೆದು ಪೆಥಾಲಜಿಯಿಂದ ಹಳೆಯ 20 ಬ್ಲಾಕ್ ತೆಗೆಸಿ, ಡಿಎನ್‌ಎ ಎಳೆದು ನೋಡಿ. ಹನ್ನೆರಡರಲ್ಲಿ ಮಾತ್ರ ಬಂದರೆ, 100 ರೋಗಿಗಳ ಫಲಿತಾಂಶಕ್ಕೆ 170 ಬ್ಲಾಕ್ ಬೇಕು. ಹಾಗೆಯೇ ಒಂದು ಶನಿವಾರ ಮಧ್ಯಾಹ್ನ ಥಿಯೇಟರಿನ ಹೊರಗೆ ನಿಂತು ಡಬ್ಬಿಯ ಜೊತೆ ಬರುವ ಫಾರ್ಮ್ ಓದಿ. ಗಂಟು ಎಷ್ಟು ಗಂಟೆಗೆ ಹೊರಬಂತು, ಎಷ್ಟು ಗಂಟೆಗೆ ಫಾರ್ಮಲಿನ್‌ಗೆ ಬಿತ್ತು ಎಂಬ ಎರಡು ಚೌಕ ಖಾಲಿ ಇದ್ದರೆ, ಮುಂದಿನ ಶನಿವಾರದೊಳಗೆ ಅಲ್ಲಿನ ಸಿಸ್ಟರ್ ಪರಿಚಯ ಮಾಡಿಕೊಳ್ಳಿ.